ಮನೆ ಕಾಫಿ: ನಿಮ್ಮ ಹದ ಏನು? ಗ್ರಾಂ, ಡಿಗ್ರಿ, ನಿಮಿಷದ ಸಮೇತ ಹೇಳಿ

ತರಿಪುಡಿ

"ಒಳ್ಳೆ ಪುಡಿ ತಗೊಂಡು ಚೆನ್ನಾಗಿ ಮಾಡಿ" ಅನ್ನೋ ಉತ್ತರ ಬೇಡ. ಯಾವ ಸಾಧನ, ಎಷ್ಟು ಪುಡಿ, ಎಷ್ಟು ನೀರು, ಎಷ್ಟು ಹೊತ್ತು, ಎಲ್ಲಿ ಕೆಡುತ್ತೆ, ಇಷ್ಟು ಬರೀರಿ. ಶುರು ನಂದೇ ಆಗಲಿ.

ವಿ60 (ಲೋಟದ ಮೇಲೆ ಕೂರೋ ಆಲಿಕೆಯಾಕಾರದ ಡ್ರಿಪ್ಪರ್), ಪೇಪರ್ ಫಿಲ್ಟರ್, ಹಾಲಿಲ್ಲ. 15 ಗ್ರಾಂ ಪುಡಿಗೆ 250 ಗ್ರಾಂ ನೀರು. ನೀರನ್ನೂ ತಕ್ಕಡಿ ಮೇಲೇ ಅಳೆಯಿರಿ. ಪುಡಿ ನುಣ್ಣನೆ ಉಪ್ಪಿಗಿಂತ ಸ್ವಲ್ಪ ದಪ್ಪ ಇರಲಿ. ಮೊದಲು ಪೇಪರ್ ಮೇಲೆ ಬಿಸಿನೀರು ಸುರಿದು ಆ ನೀರು ಚೆಲ್ಲಿಬಿಡಿ, ಕಾಗದದ ವಾಸನೆನೂ ಹೋಗುತ್ತೆ, ಡ್ರಿಪ್ಪರೂ ಬಿಸಿಯಾಗುತ್ತೆ. ಗಡಿಯಾರ ಶುರು ಮಾಡಿ 45 ಗ್ರಾಂ ನೀರು ಹಾಕಿ. ಒಂದು ಸಲ ಮೆಲ್ಲಗೆ ಡ್ರಿಪ್ಪರ್ ತಿರುಗಿಸಿ, ಒಣ ಪುಡಿ ಎಲ್ಲೂ ಉಳಿಯಬಾರದು. 45 ಸೆಕೆಂಡ್ ಸುಮ್ಮನೆ ಬಿಡಿ. ಹುರಿದ ಬೀಜದೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರೋಕೆ ಅಷ್ಟು ಹೊತ್ತು ಬೇಕು, ಅದು ಒಳಗಿದ್ದಷ್ಟೂ ನೀರಿಗೆ ಜಾಗ ಕೊಡಲ್ಲ. ಆಮೇಲೆ ಗಡಿಯಾರದಲ್ಲಿ 1:15ರ (ನಿಮಿಷ:ಸೆಕೆಂಡ್) ಹೊತ್ತಿಗೆ ಒಟ್ಟು 150 ಗ್ರಾಂ, 1:45ರ ಹೊತ್ತಿಗೆ ಒಟ್ಟು 250 ಗ್ರಾಂ ಮುಟ್ಟಬೇಕು. 2:45ರಿಂದ 3:15ರೊಳಗೆ ಪೂರ್ತಿ ಇಳಿದಿರಬೇಕು. ಒಂದು ಗ್ರಾಂ ಪುಡಿ ಹೆಚ್ಚುಕಮ್ಮಿ 2 ಗ್ರಾಂ ನೀರು ಹಿಡ್ಕೊಳ್ಳುತ್ತೆ, ಹಾಗಾಗಿ ಲೋಟಕ್ಕೆ ಬರೋದು ಸುಮಾರು 220 ಗ್ರಾಂ.

ಕಡಿಮೆ ಹುರಿದ ಬೀಜಕ್ಕೆ ಈಗಷ್ಟೇ ಕುದ್ದ ನೀರೇ ಸರಿ. ಕಪ್ಪಗೆ ಹುರಿದಿದ್ದಕ್ಕೆ 85ರಿಂದ 88 ಡಿಗ್ರಿ ಸಾಕು. ನಾಲ್ಕು ನಿಮಿಷ ದಾಟಿದರೂ ಇಳೀತಾ ಇಲ್ಲ ಅಂದ್ರೆ ಧೂಳಿನಂಥ ಪುಡಿ ಕಾಗದದ ರಂಧ್ರ ಮುಚ್ಚಿದೆ ಅಂತ ಅರ್ಥ. ಗ್ರೈಂಡರನ್ನು ಒಂದೆರಡು ಕ್ಲಿಕ್ ದಪ್ಪದ ಕಡೆಗೆ ತಿರುಗಿಸಿ, ಕೆಟಲ್ ತೀರಾ ಎತ್ತರದಿಂದ ಹಿಡೀಬೇಡಿ. ಕಾಗದದ ಗೋಡೆ ಮೇಲೆ ನೀರು ಸುರಿದರೆ ಅದು ಪುಡಿ ಮುಟ್ಟದೆ ಪಕ್ಕದಿಂದ ಇಳಿದುಹೋಗಿ ಕಾಫಿ ತೆಳ್ಳಗಾಗುತ್ತೆ.

ಮೋಕಾಮಾಮ

ಕಾಫಿ ಕುಡಿಯೋಕೆ ಗಡಿಯಾರ, ತಕ್ಕಡಿ, ಕೊಕ್ಕರೆ ಕತ್ತಿನ ಕೆಟಲ್ ಎಲ್ಲ ಬೇಕಾ ಮಾರಾಯ್ರೆ? ನಂದು ಮೋಕಾ ಪಾಟ್, ಅಂದ್ರೆ ಒಲೆ ಮೇಲಿಟ್ರೆ ಕೆಳಗಿನ ನೀರು ಪುಡಿ ದಾಟಿ ಮೇಲಿನ ಪಾತ್ರೆಗೆ ಹತ್ತೋ ಸಾಧನ, ಮೂರು ಕಪ್ಪಿನದು. 1933ರಿಂದ ಇಟಲಿಯ ಬಿಯಾಲೆಟ್ಟಿ ಕಂಪನಿಯ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ, ಬದಲಾಗೋ ಅಗತ್ಯನೂ ಇಲ್ಲ.

ಕೆಳಗಿನ ಪಾತ್ರೆಗೆ ಸೇಫ್ಟಿ ವಾಲ್ವಿನ ಕೆಳಗಿನ ಅಂಚಿನ ತನಕ ನೀರು. ವಾಲ್ವ್ ಮುಳುಗಬಾರದು. ಬುಟ್ಟಿ ತುಂಬ ಪುಡಿ, ಈ ಸೈಜಿಗೆ 15ರಿಂದ 17 ಗ್ರಾಂ ಹಿಡಿಯುತ್ತೆ. ಬೆರಳಲ್ಲಿ ಸಮ ಮಾಡಿ, ಆದ್ರೆ ಒತ್ತಬೇಡಿ. ಎಸ್ಪ್ರೆಸೊ ಮೆಷಿನ್ ಥರ ಒತ್ತಿ ತುಂಬಿದ್ರೆ ಇಲ್ಲಿನ ಸಣ್ಣ ಒತ್ತಡಕ್ಕೆ ನೀರು ಮೇಲೆ ಹತ್ತಲ್ಲ. ಹತ್ತಿದರೂ ಒಂದು ಕಡೆ ಬಿರುಕು ಬಿಟ್ಟುಕೊಂಡು ಅಲ್ಲಿಂದಷ್ಟೇ ನುಗ್ಗುತ್ತೆ. ಪುಡಿ ಎಸ್ಪ್ರೆಸೊಗಿಂತ ದಪ್ಪ, ವಿ60ಗಿಂತ ನುಣ್ಣಗೆ. ಅಂಚಿಗೆ ಅಂಟಿದ ಪುಡಿ ಒರೆಸಿ, ಬಿಗಿಯಾಗಿ ತಿರುಗಿಸಿ, ಮುಚ್ಚಳ ತೆಗೆದಿಟ್ಟು ಸಣ್ಣ ಉರಿಯಲ್ಲಿಡಿ.

ಕಾಫಿ ಸಣ್ಣ ಧಾರೆಯಾಗಿ, ಸದ್ದಿಲ್ಲದೆ ಇಳೀಬೇಕು. ಬಣ್ಣ ಕಡು ಕಂದಿನಿಂದ ಜೇನಿನ ಬಣ್ಣಕ್ಕೆ ತಿರುಗಿದ ಕೂಡಲೇ ಒಲೆಯಿಂದ ಇಳಿಸಿ, ತಳವನ್ನು ನಲ್ಲಿ ನೀರಿಗೆ ಹಿಡಿಯಿರಿ. ಗೊರಗೊರ ಸದ್ದು ಬರೋ ತನಕ ಕಾಯೋರೇ ಜಾಸ್ತಿ. ಆ ಸದ್ದು ಬಂತು ಅಂದ್ರೆ ಕೆಳಗೆ ನೀರು ಮುಗಿದು ಹಬೆ ಪುಡಿಯೊಳಗೆ ನುಗ್ತಾ ಇದೆ ಅಂತ. ಮೋಕಾ ಕಹಿ ಅನ್ನೋ ದೂರೆಲ್ಲ ಆ ಕೊನೇ ಇಪ್ಪತ್ತು ಸೆಕೆಂಡಿಂದು.

ಚರಟ

ಫ್ರೆಂಚ್ ಪ್ರೆಸ್, ಅಂದ್ರೆ ಜಗ್ಗಿನಲ್ಲಿ ಪುಡಿ ನೆನೆಸಿ ಜಾಲರಿ ಇರೋ ಪ್ಲಂಜರ್ ಇಳಿಸೋ ಸಾಧನ. 30 ಗ್ರಾಂ ಪುಡಿ, 500 ಗ್ರಾಂ ಕುದ್ದ ನೀರು. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದು ಕದಡಿದ್ರೆ ಪುಡಿಯೆಲ್ಲ ತಳಕ್ಕಿಳಿಯುತ್ತೆ. ಉಳಿದ ನೊರೆ ತೆಗೆದುಹಾಕಿ, ಇನ್ನೂ ಐದಾರು ನಿಮಿಷ ಬಿಡಿ.

ಇಲ್ಲೇ ಎಲ್ಲರೂ ಅವಸರ ಮಾಡೋದು. ಪ್ಲಂಜರನ್ನು ತಳದ ತನಕ ಒತ್ತಬೇಡಿ, ಕಾಫಿಯ ಮೇಲ್ಮೈ ಮುಟ್ಟಿದರೆ ಸಾಕು. ಒತ್ತಿದ್ರೆ ತಳದಲ್ಲಿ ಕೂತ ಚರಟ ಮತ್ತೆ ಮೇಲೆದ್ದು ಲೋಟದಲ್ಲಿ ಕೆಸರಾಗುತ್ತೆ. ಜಾಲರಿ ಬರೀ ಜರಡಿ ಕೆಲಸಕ್ಕೆ. ಕೊನೇ ಎರಡು ಗುಟುಕಿನಷ್ಟು ಜಗ್ಗಿನಲ್ಲೇ ಬಿಟ್ಟುಬಿಡಿ.

ಹತ್ತು ನಿಮಿಷ ಬಿಟ್ರೆ ಕಹಿ ಆಗಲ್ವಾ ಅಂತ ಕೇಳ್ತಾರೆ. ಅಷ್ಟಾಗಿ ಆಗಲ್ಲ. ನೀರು ತಣ್ಣಗಾಗ್ತಾ ಹೋಗುತ್ತೆ, ಪುಡಿ ತಳ ಸೇರಿರುತ್ತೆ, ಹೊಸ ನೀರು ಬರ್ತಾ ಇರಲ್ಲ. ಇಳಿಯೋ ವೇಗ ತಾನಾಗೇ ಕಡಿಮೆ ಆಗುತ್ತೆ.

ಕಪ್ಪುಲೋಟ

@ತರಿಪುಡಿ ಸರ್, ನೀವು ಹೇಳಿದ 15/250 ಲೆಕ್ಕದಲ್ಲೇ ಮಾಡಿದ್ರೂ ಹುಳಿನೂ ಇರುತ್ತೆ, ನಾಲಿಗೆ ಮೇಲೆ ಒಗರೂ ಉಳಿಯುತ್ತೆ. ಹುಳಿಗೆ ನುಣ್ಣಗೆ ಮಾಡು ಅಂತಾರೆ, ಒಗರಿಗೆ ದಪ್ಪ ಮಾಡು ಅಂತಾರೆ. ಯಾವುದನ್ನ ಕೇಳ್ಬೇಕು? ಇರೋದು ಬ್ಲೇಡ್ ಗ್ರೈಂಡರ್.

ತರಿಪುಡಿ

@ಕಪ್ಪುಲೋಟ ಉತ್ತರ ನಿಮ್ಮ ಕೊನೇ ವಾಕ್ಯದಲ್ಲೇ ಇದೆ. ಬ್ಲೇಡ್ ಬೀಜವನ್ನು ಅರೆಯಲ್ಲ, ಚಚ್ಚುತ್ತೆ. ಒಂದೇ ಬಟ್ಟಲಲ್ಲಿ ಧೂಳೂ ಇರುತ್ತೆ, ಕಾಲು ಬೀಜದ ಚೂರೂ ಇರುತ್ತೆ. ಧೂಳಿನಿಂದ ರಸ ಅತಿಯಾಗಿ ಇಳಿದು ಕಹಿ, ಒಗರು ಕೊಡುತ್ತೆ. ದಪ್ಪ ಚೂರಿನ ಒಳಗೆ ನೀರೇ ಹೋಗಿರಲ್ಲ, ಅಲ್ಲಿಂದ ಬರೀ ಹುಳಿ. ಎರಡೂ ಒಂದೇ ಲೋಟದಲ್ಲಿ ಸಿಕ್ಕಿದ್ರೆ ಯಾವ ಕಡೆ ತಿರುಗಿಸಿದರೂ ಸರಿಹೋಗಲ್ಲ.

ಬರ್ ಗ್ರೈಂಡರ್ (ಎರಡು ಹಲ್ಲಿನ ಬಿಲ್ಲೆಗಳ ನಡುವೆ ಒಂದೇ ಹದಕ್ಕೆ ಅರೆಯೋದು) ತಗೊಳ್ಳೋ ತನಕ ಹೀಗೆ ಮಾಡಿ: ಒಂದೇ ಸಲ ಒತ್ತಿ ಹಿಡಿಯಬೇಡಿ, ಎರಡೆರಡು ಸೆಕೆಂಡ್ ಒತ್ತಿ ಬಿಟ್ಟು, ಪ್ರತಿ ಸಲ ಡಬ್ಬಿ ಅಲ್ಲಾಡಿಸಿ. ಆಮೇಲೆ ಸಣ್ಣ ಜಾಲರಿಯಲ್ಲಿ ಜಾಲಿಸಿ, ಕೆಳಗೆ ಬಿದ್ದ ಧೂಳು ಬಿಟ್ಟುಬಿಡಿ, ಕಣ್ಣಿಗೆ ಕಾಣೋ ದಪ್ಪ ಚೂರು ಮತ್ತೆ ಹಾಕಿ. ಜಾಲಿಸಿದ ಮೇಲೆ 15 ಗ್ರಾಂ ತೂಗಿ, ಮುಂಚೆ ಅಲ್ಲ. ಅದಕ್ಕಿಂತ ಸುಲಭ ಅಂದ್ರೆ ಚರಟ ಅವರ ಪ್ರೆಸ್ ವಿಧಾನ. ಅಲ್ಲಿ ನೀರು ಎಲ್ಲ ಪುಡಿಗೂ ಒಂದೇ ಹೊತ್ತು ತಾಗಿರುತ್ತೆ, ಕಾಗದ ಕಟ್ಟಿಕೊಳ್ಳೋ ತಲೆನೋವಿಲ್ಲ.

ಇನ್ನೊಂದು ಮಾತು. "ಸ್ಟ್ರಾಂಗ್" ಬೇರೆ, "ಕಹಿ" ಬೇರೆ. ಲೋಟಕ್ಕೆ 20 ಗ್ರಾಂ ಬಿಸಿನೀರು ಸೇರಿಸಿ ಕುಡಿದು ನೋಡಿ. ಹಿತ ಅನಿಸಿದರೆ ಕಾಫಿ ಬರೀ ಗಟ್ಟಿ ಇತ್ತು, ಮುಂದಿನ ಸಲ 270 ಗ್ರಾಂ ನೀರು ಹಾಕಿ, ಗ್ರೈಂಡ್ ಮುಟ್ಟಬೇಡಿ. ತೆಳ್ಳಗಾದರೂ ಕಹಿ ಹಾಗೇ ಇದ್ರೆ ರಸ ಜಾಸ್ತಿ ಇಳಿದಿದೆ, ಆಗ ದಪ್ಪ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗ್ರೈಂಡು, ತಾಪ, ಅಳತೆ ಮೂರನ್ನೂ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಎರಡನೇಲೋಟ

ವಿ60 ಇರೋರು 4:6 ವಿಧಾನ (ನೀರಿನ ಹತ್ತರಲ್ಲಿ ನಾಲ್ಕು ಪಾಲು ಮೊದಲು, ಆರು ಪಾಲು ಆಮೇಲೆ) ಮಾಡಿ ನೋಡಿ. 2016ರ ವರ್ಲ್ಡ್ ಬ್ರೂವರ್ಸ್ ಕಪ್ ಗೆದ್ದ ಟೆಟ್ಸು ಕಸುಯ ಅವರದು. 20 ಗ್ರಾಂ ದಪ್ಪ ಪುಡಿ, 300 ಗ್ರಾಂ ನೀರು, 60 ಗ್ರಾಂನಂತೆ ಐದು ಸಲ, ನಡುವೆ 45 ಸೆಕೆಂಡ್. ಮೊದಲ ಎರಡು ಸುರಿತದಲ್ಲಿ ಹುಳಿ-ಸಿಹಿ ತೀರ್ಮಾನ ಆಗುತ್ತೆ: 50+70 ಮಾಡಿದ್ರೆ ಸಿಹಿ ಕಡೆಗೆ, 70+50 ಮಾಡಿದ್ರೆ ಹುಳಿ ಕಡೆಗೆ. ಉಳಿದ 180 ಗ್ರಾಂನ್ನು ಹೆಚ್ಚು ಭಾಗ ಮಾಡಿದಷ್ಟೂ ಕಾಫಿ ಗಟ್ಟಿ. ಪುಡಿ ನುಣ್ಣಗಿದ್ರೆ ಈ ವಿಧಾನ ಕೆಲಸ ಮಾಡಲ್ಲ, ಪ್ರತಿ ಸುರಿತದ ನಡುವೆ ನೀರು ಇಳಿದಿರಬೇಕು.

ತೂಕದಕಲ್ಲು

ಎಲ್ಲರೂ ಗ್ರೈಂಡ್, ತಾಪ ಅಂತ ಮಾತಾಡ್ತಿದ್ದೀರಿ, ನೀರನ್ನ ಯಾರೂ ಎತ್ತಿಲ್ಲ. ಪೇಪರ್ ಫಿಲ್ಟರಿನ ಕಪ್ಪು ಕಾಫಿ ಲೋಟದಲ್ಲಿ ನೂರಕ್ಕೆ 98 ಭಾಗಕ್ಕಿಂತ ಹೆಚ್ಚು ನೀರೇ ಇರೋದು.

ನೀರಲ್ಲಿ ನೋಡಬೇಕಾದ್ದು ಎರಡು. ಒಂದು ಗಡಸುತನ, ಅಂದ್ರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇನ್ನೊಂದು ಕ್ಷಾರೀಯತೆ, ಅಂದ್ರೆ ಮುಖ್ಯವಾಗಿ ಬೈಕಾರ್ಬನೇಟ್. ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ಕೊಲ್ಲುತ್ತೆ. ಬೋರ್‌ವೆಲ್ ನೀರಲ್ಲಿ ಎಂಥ ದುಬಾರಿ ಬೀಜ ಹಾಕಿದರೂ ಒಂದೇ ಥರ ಸಪ್ಪೆ, ಸೀಮೆಸುಣ್ಣದಂಥ ರುಚಿ ಬರೋದು ಇದಕ್ಕೇ. ಆರ್‌ಒ ನೀರಲ್ಲಿ ಉಲ್ಟಾ: ಹುಳಿಯನ್ನ ಹಿಡಿಯೋಕೆ ಏನೂ ಇಲ್ಲ, ಕಾಫಿ ಚುರುಕಾಗಿ, ಟೊಳ್ಳಾಗಿ ಇರುತ್ತೆ. ಟಿಡಿಎಸ್ ಮೀಟರ್ 150 ತೋರಿಸಿದ ಮಾತ್ರಕ್ಕೆ ಖುಷಿಪಡಬೇಡಿ. ಅದು ಒಟ್ಟು ಲವಣ ಅಂದಾಜು ಮಾಡುತ್ತೆ, ಯಾವ ಲವಣ ಅಂತ ಹೇಳಲ್ಲ. ಮೀನಿನ ತೊಟ್ಟಿಗೆ ಬಳಸೋ ಜಿಎಚ್ (ಗಡಸುತನ), ಕೆಎಚ್ (ಕ್ಷಾರೀಯತೆ) ಹನಿ ಪರೀಕ್ಷೆ ಕಿಟ್ ತಗೊಳ್ಳಿ, ಅದರ ಒಂದು ಡಿಗ್ರಿ ಅಂದ್ರೆ 17.8 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು).

ಸುಲಭ ದಾರಿ: ಆರ್‌ಒ ನೀರಿಗೆ ನಲ್ಲಿ ನೀರು ಬೆರೆಸಿ ಕ್ಷಾರೀಯತೆಯನ್ನು 40 ಪಿಪಿಎಂ ಆಸುಪಾಸಿಗೆ ತನ್ನಿ. ನಲ್ಲಿ ನೀರು 200 ಇದ್ದು ಆರ್‌ಒ ಸೊನ್ನೆ ಹತ್ತಿರ ಇದ್ರೆ, ನಾಲ್ಕು ಪಾಲು ಆರ್‌ಒಗೆ ಒಂದು ಪಾಲು ನಲ್ಲಿ ನೀರು.

ಕರಾರುವಾಕ್ಕಾಗಿ ಬೇಕು ಅನ್ನೋರಿಗೆ: ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 2.46 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಒಂದು ಬಾಟಲಿ. ಇನ್ನೊಂದು ಲೀಟರಿಗೆ 1.68 ಗ್ರಾಂ ಅಡುಗೆ ಸೋಡಾ ಕರಗಿಸಿ ಇನ್ನೊಂದು ಬಾಟಲಿ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 1000 ಪಿಪಿಎಂ. ಕಾಫಿಗೆ ಮೊದಲನೆಯದು 80 ಗ್ರಾಂ, ಎರಡನೆಯದು 40 ಗ್ರಾಂ, ಡಿಸ್ಟಿಲ್ಡ್ ನೀರು 880 ಗ್ರಾಂ ಸೇರಿಸಿ. ಗಡಸುತನ 80, ಕ್ಷಾರೀಯತೆ 40 ಬರುತ್ತೆ. ಎಪ್ಸಮ್ ಸಾಲ್ಟ್ ತಿನ್ನೋ ದರ್ಜೆಯದೇ ಇರಲಿ, ಸ್ನಾನಕ್ಕೆ ಅಂತ ಸುವಾಸನೆ ಬೆರೆಸಿದ್ದು ಬೇಡ. ಎರಡನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಬೆರೆಸಿಡಬೇಡಿ, ತಳದಲ್ಲಿ ಬಿಳಿ ಗಸಿ ಕೂರೋ ಸಾಧ್ಯತೆ ಇರುತ್ತೆ.

ಮೋಕಾಮಾಮ

ಇನ್ನು ಲ್ಯಾಬ್ ಕೋಟು ಒಂದು ಬಾಕಿ 😄

ತೂಕದಕಲ್ಲು

ಮಾಮ, ನಿಮ್ಮ ಪಾಟಿನ ವಾಲ್ವ್ ಒಳಗೆ ಬಿಳಿ ಪದರ ಕಟ್ಟಿದೆಯಾ ನೋಡಿ. ಗಡಸು ನೀರಾದ್ರೆ ಅಲ್ಲಿ ಸುಣ್ಣ ಕೂರುತ್ತೆ, ವಾಲ್ವ್ ಕಚ್ಚಿಕೊಂಡ್ರೆ ಅದು ರುಚಿ ವಿಷಯ ಅಲ್ಲ, ಅಪಾಯ. ಮಧ್ಯದ ಸಣ್ಣ ಕಡ್ಡಿ ಬೆರಳಿಗೆ ಒಳಗೆ-ಹೊರಗೆ ಆಡಬೇಕು.

ನೊರೆಹಾಲು

ಇಲ್ಲಿ ಹಾಲು ಹಾಕ್ಕೊಂಡು ಕುಡಿಯೋರು ಯಾರೂ ಇಲ್ವಾ? ನಂದು ಸ್ಟೀಲ್ ಡಿಕಾಕ್ಷನ್ ಫಿಲ್ಟರ್. 24 ಗ್ರಾಂ ಪುಡಿ, 120 ಗ್ರಾಂ ಕುದ್ದ ನೀರು. ಪುಡಿ ಸಮ ಮಾಡಿ, ಒತ್ತುಬಿಲ್ಲೆಯನ್ನು ಅದರ ಭಾರಕ್ಕೇ ಬಿಡಿ, ಜೋರಾಗಿ ಒತ್ತಬೇಡಿ. ಮೊದಲು 40 ಗ್ರಾಂ ನೀರು ಸುತ್ತಲೂ ಹಾಕಿ ಅರ್ಧ ನಿಮಿಷ ನೆನೆಸಿ, ಆಮೇಲೆ ಉಳಿದದ್ದು. 15ರಿಂದ 25 ನಿಮಿಷದಲ್ಲಿ ಸುಮಾರು 70 ಗ್ರಾಂ ಗಟ್ಟಿ ಡಿಕಾಕ್ಷನ್ ಇಳಿಯುತ್ತೆ. ಐದೇ ನಿಮಿಷಕ್ಕೆ ಇಳಿದ್ರೆ ಪುಡಿ ದಪ್ಪ. ಅರ್ಧ ಗಂಟೆಯಾದರೂ ನಿಂತೇ ಇದ್ರೆ ಪುಡಿ ಹಿಟ್ಟಾಗಿದೆ, ಇಲ್ಲಾ ಚಿಕೋರಿ ಜಾಸ್ತಿ. ಚಿಕೋರಿ ನೀರು ಕುಡಿದು ಅಂಟಂಟಾಗುತ್ತೆ. ಮೇಲಿನ ಮುಚ್ಚಳ ಸ್ವಲ್ಪ ಓರೆ ಮಾಡಿ ನೋಡಿ. ಮುಚ್ಚಳ ತೀರಾ ಬಿಗಿ ಇದ್ರೆ ಮೇಲಿಂದ ಗಾಳಿ ಬರದೆ ನೀರು ಹಾಗೇ ನಿಂತುಬಿಡುತ್ತೆ.

ಹಾಲು 60ರಿಂದ 65 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ರೆ, ಪಾತ್ರೆಯ ಹೊರಮೈ ಮೇಲೆ ಅಂಗೈ ಇಟ್ಟು ಒಂದು ಸೆಕೆಂಡಿಗಿಂತ ಹೆಚ್ಚು ತಡೆಯೋಕೆ ಆಗಬಾರದು, ಆ ಹದ. 70 ದಾಟಿದ ಮೇಲೆ ಕಾದ ಹಾಲಿನ ವಾಸನೆ ಬಂದು ಕಾಫಿಯನ್ನ ಮುಚ್ಚುತ್ತೆ. ಆ ವಾಸನೇನೇ ಇಷ್ಟ ಅನ್ನೋರು ಬೇಕಾದಷ್ಟು ಜನ, ಅವರು ಕುದಿಸಲಿ. ಆದ್ರೆ ಡಿಕಾಕ್ಷನ್ ಮಾತ್ರ ಯಾವ ಕಾರಣಕ್ಕೂ ಕುದಿಸಬೇಡಿ. ಆರಿದ್ರೆ ಆ ಬಟ್ಟಲನ್ನು ಬಿಸಿನೀರಲ್ಲಿ ಕೂರಿಸಿ.

ಲೈಟ್ ರೋಸ್ಟಿಗೆ ಹಾಲು ಹಾಕಿದ್ರೆ ಒಡೆದ ಹಾಗೆ ಕಾಣುತ್ತೆ ಅಂತ ಕೇಳೋರಿಗೆ: ಅದು ಕಾಫಿಯ ಹುಳಿ, ಹಾಲಿನ ಹಳಸಲು, ಜಾಸ್ತಿ ಬಿಸಿ ಮೂರೂ ಸೇರಿದಾಗ ಆಗೋದು. ಹೊಸ ಹಾಲು ತಗೊಂಡು, ಬಿಸಿ ಮಾಡಿ, ಹಾಲಿಗೆ ಕಾಫಿ ಸುರಿಯಿರಿ. ಹಾಲಿನ ಕಾಫಿಗೆ ಸ್ವಲ್ಪ ರೊಬಸ್ಟಾ ಬೆರೆಸಿದ, ಮಧ್ಯಮಕ್ಕಿಂತ ಹೆಚ್ಚು ಹುರಿದ ಬೀಜವೇ ನಿಲ್ಲೋದು. ನಾಜೂಕು ಹೂವಿನ ಪರಿಮಳದ ಅರೇಬಿಕಾಕ್ಕೆ ಹಾಲು ಹಾಕೋದು ದುಡ್ಡು ದಂಡ.

ಚರಟ

@ನೊರೆಹಾಲು ಒಪ್ಪಿದೆ, ಕೊನೇ ಸಾಲು ಬಿಟ್ಟು. ಅವರವರ ಲೋಟ ಅವರವರದು.

ನನ್ನ ಪ್ರೆಸ್ ವಿಧಾನ ಇಷ್ಟಪಟ್ಟವರಿಗೆ ಒಂದು ವಿಷಯ ಹೇಳಲೇಬೇಕು. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದಿದೆ, ಅದು ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರಿಸುತ್ತೆ. ಪೇಪರ್ ಫಿಲ್ಟರ್ ಅದನ್ನ ಬಹುಪಾಲು ತಡೆಯುತ್ತೆ, ಲೋಹದ ಜಾಲರಿ ತಡೆಯಲ್ಲ. ಕೊಲೆಸ್ಟ್ರಾಲ್ ಇರೋರು ದಿನಕ್ಕೆ ನಾಲ್ಕೈದು ಲೋಟ ಪ್ರೆಸ್ ಕಾಫಿ ಕುಡಿಯೋ ಬದಲು ಅದನ್ನೇ ಒಂದು ಪೇಪರಿನಲ್ಲಿ ಸೋಸಿಕೊಳ್ಳಿ.

ಎರಡನೇಲೋಟ

ಏರೋಪ್ರೆಸ್‌ನಲ್ಲಿ (ಸಿರಿಂಜಿನ ಥರ ಕೊಳವೆಯಿಂದ ಕಾಫಿ ಒತ್ತಿ ಇಳಿಸೋ ಸಾಧನ) ಪೇಪರೂ ಇದೆ, ನೆನೆಸೋದೂ ಇದೆ, ಹಾಗಾಗಿ ನನ್ನ ಆಯ್ಕೆ ಅದೇ. 14 ಗ್ರಾಂ ಪುಡಿ, ವಿ60ಗಿಂತ ಒಂದು ಹದ ನುಣ್ಣಗೆ. 210 ಗ್ರಾಂ ನೀರು ಹಾಕಿದ ಕೂಡಲೇ ಪ್ಲಂಜರನ್ನು ಒಂದು ಸೆಂಟಿಮೀಟರಿನಷ್ಟು ಮೇಲೆ ಸಿಕ್ಕಿಸಿಡಿ. ಒಳಗೆ ನಿರ್ವಾತ ಆಗಿ ಹನಿ ನಿಲ್ಲುತ್ತೆ. ಎರಡು ನಿಮಿಷ, ಒಂದು ಸಲ ತಿರುಗಿಸಿ, ಇನ್ನರ್ಧ ನಿಮಿಷ ಬಿಟ್ಟು, ಮೆಲ್ಲಗೆ 30 ಸೆಕೆಂಡ್ ಒತ್ತಿ. ತಲೆಕೆಳಗು ಮಾಡಿ ಇಡೋ ವಿಧಾನ ಇದ್ರಿಂದ ಬೇಕಾಗಲ್ಲ. ಅದರಲ್ಲಿ ಮಗುಚಿ ಬಿದ್ರೆ ಕೈಯೆಲ್ಲ ಸುಡುತ್ತೆ.

ತೊಳೆದ ಮೇಲೆ ಪ್ಲಂಜರನ್ನು ಅರ್ಧ ಒಳಗೆ ಬಿಟ್ಟು ಎತ್ತಿಡಬೇಡಿ. ರಬ್ಬರು ಅಲ್ಲೇ ಅಮುಕಿಕೊಂಡು ಸಡಿಲ ಆಗುತ್ತೆ. ಪೂರ್ತಿ ಆಚೆ ದೂಡಿ, ಇಲ್ಲಾ ಹೊರಗೆ ತೆಗೆದಿಡಿ.

ತರಿಪುಡಿ

ಮಾಮ, ಮೋಕಾ ಬಗ್ಗೆ ಒಂದು ತಕರಾರು. ತಣ್ಣೀರು ಹಾಕ್ತೀರೋ, ಬಿಸಿನೀರೋ? ತಣ್ಣೀರಾದ್ರೆ ನೀರು ಕಾಯೋ ತನಕ ಪುಡಿ ಒಲೆ ಮೇಲೆ ಬೇಯ್ತಾ ಕೂತಿರುತ್ತೆ.

ಮೋಕಾಮಾಮ

ಬೇಯೋದೇನೂ ಇಲ್ಲ, ಕೆಳಗೆ ನೀರಿರೋ ತನಕ ಬುಟ್ಟಿ ನೀರಿಗಿಂತ ಬಿಸಿ ಆಗೋದು ಕಷ್ಟ. ನಿಜವಾದ ವ್ಯತ್ಯಾಸ ಬೇರೆ. ನೀರನ್ನ ಮೇಲೆ ದೂಡೋದು ಬರೀ ಹಬೆ ಅಲ್ಲ, ಪಾತ್ರೆಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ದೂಡೋದೂ ಇದೆ. ತಣ್ಣೀರಲ್ಲಿ ಶುರು ಮಾಡಿದ್ರೆ ಗಾಳಿ ಪೂರ್ತಿ ಹಿಗ್ಗುತ್ತೆ, ನೀರು ಕುದಿಯೋಕೆ ಬಹಳ ಮುಂಚೆಯೇ ಹತ್ತುತ್ತೆ. ಬಿಸಿನೀರು ಹಾಕಿ ಮುಚ್ಚಿದ್ರೆ ಒಳಗಿನ ಗಾಳಿ ಆಗ್ಲೇ ಬಿಸಿಯಾಗಿರುತ್ತೆ, ಅಷ್ಟೇ ಒತ್ತಡಕ್ಕೆ ನೀರು ಇನ್ನೂ ಕಾಯಬೇಕು, ಹಾಗಾಗಿ ಪುಡಿಗೆ ತಾಗೋ ನೀರು ಹೆಚ್ಚು ಬಿಸಿ. ಲೈಟ್ ರೋಸ್ಟಿಗೆ ಕುದ್ದ ನೀರು, ಕಪ್ಪಗೆ ಹುರಿದಿದ್ದಕ್ಕೆ ತಣ್ಣೀರು. ನಾನು ಕಪ್ಪು ಕಡೆಯವನು, ತಣ್ಣೀರೇ. ಬಿಸಿ ಹಾಕೋರು ಕೆಳಗಿನ ಭಾಗವನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿ. ಹಿಡಿಕೆ ಹಿಡಿದು ತಿರುಗಿಸಿದ್ರೆ ಒಂದಿನ ಹಿಡಿಕೆ ಮಾತ್ರ ಕೈಗೆ ಬರುತ್ತೆ.

ಒಬ್ಬರಿಗೇ ಮಾಡೋದಾದ್ರೆ ಒಂದು ಕಪ್ಪಿನ ಪಾಟೇ ತಗೊಳ್ಳಿ. ದೊಡ್ಡದರಲ್ಲಿ ಬುಟ್ಟಿ ಅರ್ಧ ತುಂಬಿದ್ರೆ ಪುಡಿ ಮೇಲೆ ಜಾಗ ಉಳಿದು, ನೀರು ಅದನ್ನ ಕದಡಿ ಸಂದು ಮಾಡ್ಕೊಂಡು ಹೋಗುತ್ತೆ.

ತೂಕದಕಲ್ಲು

ಬೀಜ ಇಡೋದರ ಬಗ್ಗೆ ಚುಟುಕಾಗಿ. ಹುರಿದು ಎರಡೇ ದಿನ ಆಗಿದ್ದನ್ನ ಪೇಪರ್ ಫಿಲ್ಟರಿಗೆ ಬಳಸಬೇಡಿ, ಅನಿಲ ಜಾಸ್ತಿ. ಒಂದೆರಡು ವಾರ ಬಿಟ್ರೆ ಹದವಾಗುತ್ತೆ. ಫ್ರಿಜ್ಜಿನ ಮಾಮೂಲಿ ಖಾನೆ ಬೇಡ, ತೇವ ಮತ್ತು ಪಕ್ಕದ ವಾಸನೆ ಎರಡೂ ಹಿಡಿಯುತ್ತೆ. ಫ್ರೀಜರ್ ಪರವಾಗಿಲ್ಲ, ಆದ್ರೆ ಒಂದು ಸಲಕ್ಕಾಗೋಷ್ಟು ಪೊಟ್ಟಣ ಕಟ್ಟಿ ಗಾಳಿ ತೆಗೆದಿಡಿ. ಹೊರಗೆ ತೆಗೆದ ಪೊಟ್ಟಣ ಮತ್ತೆ ಒಳಗಿಡಬೇಡಿ. ರುಬ್ಬುವ ಮುಂಚೆ ಬೀಜಕ್ಕೆ ಒಂದೆರಡು ಹನಿ ನೀರು ಸವರಿದ್ರೆ ಪುಡಿ ಗ್ರೈಂಡರಿಗೆ ಅಂಟಿ ಹಾರೋದು ನಿಲ್ಲುತ್ತೆ. ಬರ್ ಮಾತ್ರ ನೀರಲ್ಲಿ ತೊಳೀಬೇಡಿ. ತುಕ್ಕು ಹಿಡಿಯುತ್ತೆ, ಬ್ರಷ್ ಸಾಕು.

ಕಪ್ಪುಲೋಟ

ಜಾಲಿಸಿ ಪ್ರೆಸ್‌ನಲ್ಲಿ ಮಾಡಿದೆ, ಒಗರು ಹೋಯ್ತು, ಹುಳಿ ಸ್ವಲ್ಪ ಇದೆ. ಮುಂದೇನು?

ಚರಟ

ಈಗ ನುಣ್ಣಗೆ ಮಾಡಿ, ಇನ್ನೇನೂ ಮುಟ್ಟಬೇಡಿ. ಆಮೇಲೂ ಹುಳಿ ಇದ್ರೆ ನೀರು ಹಾಕೋ ಮುಂಚೆ ಜಗ್ಗಿಗೆ ಬಿಸಿನೀರು ಸುತ್ತಿಸಿ ಚೆಲ್ಲಿ. ತಣ್ಣನೆ ಗಾಜು ಮೊದಲ ನಿಮಿಷದಲ್ಲೇ ಒಂದಷ್ಟು ಡಿಗ್ರಿ ನುಂಗಿಬಿಡುತ್ತೆ.

ಸಣ್ಣಉರಿ

ನಡುವೆ ಬಂದೆ, ಕ್ಷಮಿಸಿ. ಮೋಕಾ ಪಾಟಿನ ತಿರುಪಿನ ಜಾಗದಿಂದ ಹಬೆ, ಕಂದು ನೀರು ಸೋರುತ್ತೆ, ಕಾಫಿ ಅರ್ಧ ಮಾತ್ರ ಮೇಲೆ ಬರುತ್ತೆ. ಎಷ್ಟು ಬಿಗಿ ಮಾಡಿದರೂ ಅಷ್ಟೇ. ಪಾಟ್ ಎಸೀಬೇಕಾ?

ಮೋಕಾಮಾಮ

ಎಸೀಬೇಡಿ. ಮೊದಲು ಬುಟ್ಟಿಯ ಅಂಚು, ತಿರುಪು ಎರಡನ್ನೂ ಒರೆಸಿ ನೋಡಿ, ನಾಲ್ಕು ಕಾಳು ಪುಡಿ ಸಿಕ್ಕಿಕೊಂಡಿದ್ರೂ ಸೋರುತ್ತೆ. ಆಮೇಲೆ ಪುಡಿ. ಎಸ್ಪ್ರೆಸೊ ಹದದ ನುಣ್ಣನೆ ಪುಡಿ ಹಾಕಿದ್ರೆ ಒತ್ತಡ ಮೇಲೆ ಹೋಗೋಕಾಗದೆ ಪಕ್ಕದಿಂದ ದಾರಿ ಹುಡುಕುತ್ತೆ. ಅವೆರಡೂ ಸರಿ ಇದ್ರೆ ಗ್ಯಾಸ್ಕೆಟ್, ಅಂದ್ರೆ ಸೋರದಂತೆ ನಡುವೆ ಕೂರೋ ರಬ್ಬರ್ ಬಳೆ. ಮೇಲಿನ ಭಾಗ ಮಗುಚಿ ಉಗುರಲ್ಲಿ ಒತ್ತಿ: ಮೆತ್ತಗೆ ಒಳಗೆ ಹೋಗಬೇಕು. ಗಟ್ಟಿಯಾಗಿದ್ರೆ, ಬಿರುಕಿದ್ರೆ, ಬುಟ್ಟಿ ಕೂತ ಕಡೆ ಆಳ ಗೆರೆ ಬಿದ್ದಿದ್ರೆ ಬದಲಾಯಿಸೋ ಕಾಲ. ಚಮಚದ ಹಿಡಿಯಲ್ಲಿ ಮೀಟಿ ತೆಗೆಯಿರಿ, ಕೆಳಗಿನ ಜಾಲರಿ ಬಿಲ್ಲೆಯೂ ಬಿಡುತ್ತೆ, ಅದರ ಹಿಂದಿನ ಹಳೇ ಎಣ್ಣೆ ಜಿಡ್ಡು ಉಜ್ಜಿ. ಹೊಸದು ತಗೊಳ್ಳೋವಾಗ ಕಪ್ಪಿನ ಲೆಕ್ಕ ಮಾತ್ರ ನಂಬಬೇಡಿ. ಒಂದೇ "ಮೂರು ಕಪ್" ಬೇರೆ ಬೇರೆ ತಯಾರಕರಲ್ಲಿ ಬೇರೆ ಅಳತೆ. ಹಳೇದರ ಹೊರ ವ್ಯಾಸ, ಒಳ ವ್ಯಾಸ ಮಿಲಿಮೀಟರಲ್ಲಿ ಅಳೆದು ಅದಕ್ಕೆ ಹೊಂದೋದು ತಗೊಳ್ಳಿ. ಸಿಲಿಕೋನ್ ಸಿಕ್ಕಿದ್ರೆ ಅದೇ, ಸಾಮಾನ್ಯ ರಬ್ಬರಿಗಿಂತ ಜಾಸ್ತಿ ಬಾಳುತ್ತೆ. ಹಾಕಿದ ಮೇಲೆ ಬರೀ ನೀರಲ್ಲಿ ಒಂದು ಸಲ ಓಡಿಸಿ ಚೆಲ್ಲಿ. ಸೋರಿಕೆ ನಿಂತಿದೆಯಾ ಅಂತ ಅದರಲ್ಲೇ ಗೊತ್ತಾಗುತ್ತೆ. ಆಮೇಲೂ ಸೋರಿದ್ರೆ ಬುಟ್ಟಿಯ ಅಂಚನ್ನ ಸಮ ಗಾಜಿನ ಮೇಲೆ ಬೋರಲು ಹಾಕಿ ನೋಡಿ. ಚರಟ ಉದುರಿಸೋಕೆ ಕುಟ್ಟಿ ಕುಟ್ಟಿ ಅಂಚು ಸೊಟ್ಟ ಆಗಿರುತ್ತೆ, ಅದಕ್ಕೆ ಬುಟ್ಟಿಯನ್ನೇ ಬದಲಾಯಿಸಬೇಕು.